ಗೊರಕೆ ನಿಂತರೆ ಸಾಲದು, ಉಸಿರು ನಿಲ್ಲಬಾರದು

ಗೊರಕೆಗೆ ಆಪರೇಷನ್ ಮಾಡಿಸಿಕೊಂಡೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಈಗ ನಿಂತಿದೆಯಾ?" ಬಹುಮಟ್ಟಿಗೆ ನಿಂತಿದೆ. ಆದರೆ ನನ್ನನ್ನು ಆಸ್ಪತ್ರೆಯವರೆಗೆ ಎಳೆದುಕೊಂಡು ಹೋಗಿದ್ದು ಆ ಸದ್ದಿನ ನಡುವೆ ಬರುತ್ತಿದ್ದ ಮೌನ. ನಮ್ಮ ಮನೆಯವರು ಅದನ್ನು ತುಂಬಾ ದಿನದಿಂದ ಗಮನಿಸಿದ್ದರು. ಗೊರಕೆ ಜೋರಾಗಿ ನಡೆಯುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ. ಎದೆ, ಹೊಟ್ಟೆ ಎರಡೂ ಅಲುಗಾಡುತ್ತಿರುತ್ತವೆ, ಉಸಿರು ಮಾತ್ರ ಬರುವುದಿಲ್ಲ. ಆಮೇಲೆ ಗಕ್ಕನೆ ಒಂದು ಏದುಸಿರು, ಮಗ್ಗುಲು ಬದಲು, ಮತ್ತೆ ಗೊರಕೆ. "ನೀನು ಉಸಿರು ತಗೊಳ್ಳೋವರೆಗೆ ನನಗೆ ಸಮಾಧಾನ ಇರಲ್ಲ ಕಣೇ" ಅಂತ ಒಂದು ದಿನ ಹೇಳಿದರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವಯಸ್ಸು ನಲವತ್ತು ದಾಟಿದೆ. ಗಂಡಸರ ಗೊರಕೆ ಅಂದರೆ ಮನೆಮಂದಿಯೆಲ್ಲ ಕೂತು ನಕ್ಕು ಮಾತಾಡುವ ವಿಷಯ. ಹೆಂಗಸರ ಗೊರಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೆಂಟರ ಮದುವೆಗೆ ಹೋದರೆ ಛತ್ರದಲ್ಲಿ ಎಲ್ಲರ ಜೊತೆ ಮಲಗಬೇಕು. ನಾನು ಗೋಡೆಗೆ ಒರಗಿ ಕೂತು ರಾತ್ರಿ ಕಳೆಯುತ್ತಿದ್ದೆ. "ನಿದ್ದೆ ಬರ್ತಿಲ್ಲ ಅತ್ತೆ" ಅಂತ ಸುಮ್ನೆ ಹೇಳುತ್ತಿದ್ದೆ. ಇಂಥ ಹೆಂಗಸರು ಎಷ್ಟು ಜನ ಇದ್ದಾರೋ! ಅವರಿಗಾಗಿಯೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಗಲಿನ ಕಷ್ಟ ಬೇರೆ. ಬೆಳಿಗ್ಗೆ ಎದ್ದರೆ ತಲೆನೋವು, ಬಾಯಿ ಒಣಗಿರುತ್ತಿತ್ತು. ಉತ್ತರ ಪತ್ರಿಕೆ ತಿದ್ದುತ್ತಾ ಕೂತರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಏಳೆಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಾಗೆ ಇರುತ್ತಿರಲಿಲ್ಲ. ಥೈರಾಯ್ಡ್ ಇರಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಕಡಿಮೆಯಾದರೂ ಹೀಗೆಲ್ಲ ಆಗುತ್ತದಂತೆ, ಹಾಗಾಗಿ ಆ ಪರೀಕ್ಷೆ ಬೇಕೇ ಬೇಕು. ನನ್ನದು ಸರಿಯಾಗಿತ್ತು. ರಕ್ತದೊತ್ತಡ ಮಾತ್ರ ಸ್ವಲ್ಪ ಏರಿತ್ತು.

ಮೊದಲು ಹೋದ ಒಂದು ಕ್ಲಿನಿಕ್ಕಿನಲ್ಲಿ ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರು. ಅಷ್ಟಕ್ಕೇ, "ಲೇಸರ್ ಮಾಡಿಬಿಡೋಣ, ಅರ್ಧ ಗಂಟೆ ಕೆಲಸ, ಅವತ್ತೇ ಮನೆಗೆ ಹೋಗಬಹುದು" ಅಂದರು. ರಾತ್ರಿ ಉಸಿರು ನಿಲ್ಲುತ್ತದೆ ಅಂತ ನಾನು ಹೇಳಿದ್ದಕ್ಕೆ ಒಂದು ಪರೀಕ್ಷೆಯನ್ನೂ ಬರೆದುಕೊಡಲಿಲ್ಲ. ಇದರ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ಅಂಗುಳವನ್ನು ಲೇಸರ್‌ನಿಂದ ಸುಟ್ಟು ಚಿಕ್ಕದು ಮಾಡುವ ಈ ವಿಧಾನವನ್ನು ಸ್ಲೀಪ್ ಅಪ್ನಿಯಾಗೆ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಈ ಕಾಯಿಲೆಗೆ, ಸಾಮಾನ್ಯವಾಗಿ ಬಳಸಬಾರದು ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘವೇ ಹೇಳಿದೆ. ಸುಟ್ಟ ಜಾಗ ಮಾಯುವಾಗ ಬಿಗಿದುಕೊಂಡು ಗಂಟಲು ಇನ್ನೂ ಕಿರಿದಾಗಬಹುದು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಸದ್ದು ಕಡಿಮೆಯಾಗಿ ಉಸಿರು ನಿಲ್ಲುವುದು ಹಾಗೇ ಉಳಿದರೆ, ಪಕ್ಕದಲ್ಲಿ ಮಲಗಿದವರಿಗೂ ಅದು ಗೊತ್ತಾಗುವುದಿಲ್ಲ.

ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಇನ್ನೊಬ್ಬ ಇ.ಎನ್.ಟಿ. ಡಾಕ್ಟರ್ ಹತ್ತಿರ ಹೋದೆವು. ಅವರು ಮೊದಲು ಮಾತಾಡಿಸಿದ್ದು ನಮ್ಮ ಮನೆಯವರನ್ನು. ಆಮೇಲೆ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಓದುತ್ತಾ ಕೂತಾಗ, ಟಿ.ವಿ. ನೋಡುವಾಗ, ಬಸ್ಸಿನಲ್ಲಿ ಹೋಗುವಾಗ, ಊಟ ಮಾಡಿ ಸುಮ್ಮನೆ ಕೂತಾಗ, ಹೀಗೆ ಎಂಟು ಸಂದರ್ಭ. ಪ್ರತಿಯೊಂದರಲ್ಲೂ ತೂಕಡಿಕೆ ಎಷ್ಟು ಬರುತ್ತದೆ ಅಂತ 0ಯಿಂದ 3ರವರೆಗೆ ಅಂಕ ಹಾಕಬೇಕು. ಎಪ್‌ವರ್ತ್ ಮಾಪಕ ಅಂತ ಇದರ ಹೆಸರು. ಆಸ್ಟ್ರೇಲಿಯಾದ ಡಾ. ಮರ್ರೇ ಜಾನ್ಸ್ 1991ರಲ್ಲಿ ಮಾಡಿದ್ದು. 24ಕ್ಕೆ 10ರ ಮೇಲೆ ಬಂದರೆ ಹಗಲು ತೂಕಡಿಕೆ ಜಾಸ್ತಿ ಅಂತ ಅರ್ಥ. ನನಗೆ 14 ಬಂತು.

ಗಂಟಲು ನೋಡಿದ ಡಾಕ್ಟರ್ ಮೇಡಂ, "ನಿಮ್ಮ ಟಾನ್ಸಿಲ್ ಈ ವಯಸ್ಸಿಗೆ ತುಂಬಾ ದೊಡ್ಡದಿದೆ, ಮೂಗಿನ ನಡುಗೋಡೆ ಸ್ವಲ್ಪ ಸೊಟ್ಟ ಇದೆ, ನಾಲಿಗೆ ಪರವಾಗಿಲ್ಲ" ಅಂದರು. ಆಪರೇಷನ್ ಮಾತು ಎತ್ತಲೇ ಇಲ್ಲ. "ಮೊದಲು ಸ್ಲೀಪ್ ಸ್ಟಡಿ ಆಗಲಿ. ಎಚ್ಚರ ಇರುವಾಗ ಕಾಣೋ ಗಂಟಲೇ ಬೇರೆ, ನಿದ್ದೆಯಲ್ಲಿರೋ ಗಂಟಲೇ ಬೇರೆ" ಅಂದರು.

ಸ್ಲೀಪ್ ಸ್ಟಡಿಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಎದೆಗೆ, ಕಾಲಿಗೆ ತಂತಿ ಅಂಟಿಸುತ್ತಾರೆ. ಎದೆ ಮತ್ತು ಹೊಟ್ಟೆಗೆ ಒಂದೊಂದು ಪಟ್ಟಿ, ಮೂಗಿನ ಹತ್ತಿರ ಸಣ್ಣ ನಳಿಕೆ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಹೇಗೆ ಬರುತ್ತದೆ ಅನ್ನಿಸಿತು. ಬಂತು. ನನಗಿದ್ದ ಆಯಾಸಕ್ಕೆ ಎಲ್ಲಿ ಮಲಗಿದರೂ ನಿದ್ದೆ ಬರುತ್ತಿತ್ತು.

ವರದಿಯಲ್ಲಿ ನೋಡಬೇಕಾದ ಮುಖ್ಯ ಅಂಕಿ ಎ.ಎಚ್.ಐ. ನಿದ್ದೆಯ ಒಂದು ಗಂಟೆಯಲ್ಲಿ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಅರೆಬರೆಯಾಯಿತು ಅನ್ನುವ ಲೆಕ್ಕ ಅದು. ಕನಿಷ್ಠ 10 ಸೆಕೆಂಡ್ ಆದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ನನ್ನದು 13. ಅಂಗಾತ ಮಲಗಿದ್ದ ಹೊತ್ತಿನದನ್ನು ಮಾತ್ರ ಲೆಕ್ಕ ಹಾಕಿದರೆ 24. ಆಕ್ಸಿಜನ್ ಒಂದು ಹಂತದಲ್ಲಿ 86ಕ್ಕೆ ಇಳಿದಿತ್ತು. ಕಾಗದದ ಮೇಲೆ ಸೌಮ್ಯ ಅಂತಲೇ ಬರೆದಿತ್ತು. ಆದರೆ ಗಂಟೆಗೆ 13 ಸಲ ಅಂದರೆ ಹೆಚ್ಚುಕಮ್ಮಿ ಐದು ನಿಮಿಷಕ್ಕೊಮ್ಮೆ ಉಸಿರಿಗೆ ತಡೆ ಬೀಳುವುದು. ಆಗೆಲ್ಲ ಹೆಚ್ಚಾಗಿ ಮೆದುಳು ಒಂದು ಕ್ಷಣ ಎಚ್ಚೆತ್ತು, ಗಂಟಲನ್ನು ತೆರೆಸಿ, ಮತ್ತೆ ಮಲಗುತ್ತದೆ. ನಮಗೆ ನೆನಪಿರುವುದಿಲ್ಲ ಅಷ್ಟೇ. ಬೆಳಗಿನ ತಲೆನೋವಿಗೂ ಮಧ್ಯಾಹ್ನದ ತೂಕಡಿಕೆಗೂ ಕಾರಣ ಆ ಹಾಳೆಯಲ್ಲಿತ್ತು. ಯಾರಾದರೂ "ಮೈಲ್ಡ್ ತಾನೇ, ಬಿಡಿ" ಅಂದರೆ ನಾನು ಒಪ್ಪುವುದಿಲ್ಲ.

ವರದಿ ನೋಡಿದ ಮೇಲೂ ಡಾಕ್ಟರ್ ನೇರವಾಗಿ ಆಪರೇಷನ್ ಅನ್ನಲಿಲ್ಲ. ಮಗ್ಗುಲಾಗಿ ಮಲಗುವ ಅಭ್ಯಾಸ, ಮೂಗಿಗೆ ಸ್ಪ್ರೇ, ತೂಕ ಇಳಿಸುವುದು, ಸಿ-ಪ್ಯಾಪ್ ಯಂತ್ರ, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ದಂತವೈದ್ಯರ ಸಾಧನ, ಎಲ್ಲವನ್ನೂ ಮೇಜಿನ ಮೇಲೆ ಇಟ್ಟು ವಿವರಿಸಿದರು. ತೂಕದ ವಿಷಯದಲ್ಲಿ ಅವರು ಹೇಳಿದ ಒಂದು ಅಂಕಿ ನನಗೆ ನೆನಪಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನರನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೂಕ ನೂರಕ್ಕೆ 10ರಷ್ಟು ಇಳಿದರೆ ಎ.ಎಚ್.ಐ. ನೂರಕ್ಕೆ ಸುಮಾರು 26ರಷ್ಟು ಇಳಿಯುತ್ತದೆ. ಅಷ್ಟೇ ತೂಕ ಏರಿದರೆ ನೂರಕ್ಕೆ ಸುಮಾರು 32ರಷ್ಟು ಏರುತ್ತದೆ. ನನ್ನ ತೂಕ ತೀರಾ ಜಾಸ್ತಿ ಇರಲಿಲ್ಲ, ಆದರೂ ಸ್ವಲ್ಪ ಇಳಿಸಿದೆ.

ಸಿ-ಪ್ಯಾಪ್ ಬಾಡಿಗೆಗೆ ತಂದೆವು. ಮೂಗಿಗೆ ಮಾಸ್ಕ್ ಹಾಕಿಕೊಂಡರೆ ಯಂತ್ರ ಗಾಳಿಯನ್ನು ಒತ್ತಡದಿಂದ ಬಿಡುತ್ತದೆ. ಆ ಗಾಳಿ ಗಂಟಲನ್ನು ಮುಚ್ಚಲು ಬಿಡುವುದಿಲ್ಲ. ಸಿಡ್ನಿಯ ಡಾ. ಕಾಲಿನ್ ಸಲ್ಲಿವನ್ ಮತ್ತು ಅವರ ಜೊತೆಗಾರರು 1981ರಲ್ಲಿ ಇದನ್ನು ಜಗತ್ತಿಗೆ ಕೊಟ್ಟರು. ಅದಕ್ಕೆ ಮುಂಚೆ ತೀವ್ರ ಕಾಯಿಲೆಯವರಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಟದ ದಾರಿ ಮಾಡಬೇಕಿತ್ತು. ಅದನ್ನು ನೆನೆದರೆ ಈ ಯಂತ್ರದ ಮೇಲೆ ಗೌರವ ಬರುತ್ತದೆ. ಮಧ್ಯಮ, ತೀವ್ರ ಕಾಯಿಲೆಯವರಿಗೆ ಇವತ್ತಿಗೂ ಮೊದಲ ಮದ್ದು ಅದೇ. ನನಗೆ ಅದು ಒಗ್ಗಲಿಲ್ಲ. ಮಾಸ್ಕ್ ಹಾಕಿದ ಅರ್ಧ ಗಂಟೆಗೆ ಎಚ್ಚರವಾಗುತ್ತಿತ್ತು. ಮಾಸ್ಕ್ ಬದಲಾಯಿಸಿದರೂ, ಒತ್ತಡ ಕಡಿಮೆ ಮಾಡಿದರೂ ಸರಿಹೋಗಲಿಲ್ಲ. ಮಗ್ಗುಲಾಗಿ ಮಲಗುವುದು ಕೊಂಚ ಉಪಯೋಗಕ್ಕೆ ಬಂತು, ಆದರೆ ನಡುರಾತ್ರಿ ಮತ್ತೆ ಅಂಗಾತವಾಗಿರುತ್ತಿದ್ದೆ.

ಆಗ ಡಾಕ್ಟರ್ ಸ್ಲೀಪ್ ಎಂಡೋಸ್ಕೋಪಿ ಮಾಡಿಸಲು ಹೇಳಿದರು. ಈ ಇಡೀ ಪ್ರಯಾಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಥಿಯೇಟರಿನಲ್ಲಿ ಮಲಗಿಸಿ, ರಕ್ತನಾಳಕ್ಕೆ ಸ್ವಲ್ಪ ಸ್ವಲ್ಪವೇ ಔಷಧಿ ಕೊಟ್ಟು ನಿದ್ದೆ ಬರಿಸುತ್ತಾರೆ. ಗೊರಕೆ ಶುರುವಾದಾಗ ಮೂಗಿನಿಂದ ತೆಳುವಾದ ಕ್ಯಾಮೆರಾ ಇಳಿಸಿ, ಗಂಟಲು ಎಲ್ಲಿ ಮುಚ್ಚುತ್ತದೆ ಅಂತ ಕಣ್ಣಾರೆ ನೋಡುತ್ತಾರೆ. ನಾಲ್ಕು ಜಾಗ ನೋಡುತ್ತಾರೆ: ಮೆದು ಅಂಗುಳ, ಟಾನ್ಸಿಲ್ ಇರುವ ಪಕ್ಕದ ಗೋಡೆಗಳು, ನಾಲಿಗೆಯ ಬುಡ, ಅದರ ಕೆಳಗೆ, ನುಂಗುವಾಗ ಶ್ವಾಸನಾಳವನ್ನು ಮುಚ್ಚುವ ಕಿರುಮುಚ್ಚಳ. ಒಬ್ಬೊಬ್ಬರಿಗೆ ಒಂದೊಂದು ಕಡೆ ಮುಚ್ಚುತ್ತದೆ. ಕೆಲವರಿಗೆ ಎರಡು ಮೂರು ಕಡೆ. ನಾಲಿಗೆಯ ಬುಡದಲ್ಲಿ ಮುಚ್ಚುವವರಿಗೆ ಅಂಗುಳ ಕತ್ತರಿಸಿ ಏನು ಪ್ರಯೋಜನ?

ಸಂಜೆ ಆ ವಿಡಿಯೋ ತೋರಿಸಿದರು. ನನ್ನದೇ ಗಂಟಲು. ಉಸಿರು ಎಳೆದಾಗ ಎರಡೂ ಪಕ್ಕದ ಗೋಡೆಗಳು ನಡುವಿಗೆ ಬಂದು, ಒದ್ದೆ ಬಟ್ಟೆಯ ಮಡಿಕೆಗಳ ಹಾಗೆ ಒಂದಕ್ಕೊಂದು ಅಂಟಿಕೊಂಡವು. ದಾರಿ ಪೂರ್ತಿ ಮುಚ್ಚಿತು. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ನಮ್ಮ ಮನೆಯವರು ನನ್ನ ಕೈ ಹಿಡಿದುಕೊಂಡರು. ಪ್ರತಿ ರಾತ್ರಿ ಅವರು ಹೊರಗಿನಿಂದ ಕೇಳಿದ್ದನ್ನು ಇಬ್ಬರೂ ಮೊದಲ ಸಲ ಒಳಗಿನಿಂದ ನೋಡಿದೆವು. "ನೋಡಿ, ಅಂಗುಳ ಅರ್ಧ ಮಾತ್ರ ಇಳೀತಿದೆ. ನಾಲಿಗೆ ಬುಡ ತೆರೆದೇ ಇದೆ. ನಿಮಗೆ ತೊಂದರೆ ಇರೋದು ಈ ಗೋಡೆಗಳಲ್ಲಿ" ಅಂತ ಮೇಡಂ ಪೆನ್ನಿನಿಂದ ತೋರಿಸಿದರು. ಆಪರೇಷನ್ ಬೇಕೋ ಬೇಡವೋ ಅನ್ನುವ ತೂಗಾಟ ಅಲ್ಲಿಗೆ ಮುಗಿಯಿತು. ದೊಡ್ಡ ಟಾನ್ಸಿಲ್, ತೊಂದರೆ ಕೊಡದ ನಾಲಿಗೆ, ಮಿತಿಮೀರದ ತೂಕ ಇರುವವರಿಗೆ ಆಪರೇಷನ್ ಚೆನ್ನಾಗಿ ಫಲ ಕೊಡುತ್ತದೆ. ನಾನು ಆ ಗುಂಪಿನವಳು ಅಂತ ಗೊತ್ತಾಗಿದ್ದೇ ದೊಡ್ಡ ಧೈರ್ಯ.

ಮೂಗಿನ ನಡುಗೋಡೆಯನ್ನೂ ಜೊತೆಗೇ ಸರಿಮಾಡಿಬಿಡಿ ಅಂತ ಕೇಳಿದೆ. ಮೂಗು ಸರಿಮಾಡಿದರೆ ಗಾಳಿ ಸರಾಗವಾಗಿ ಆಡುತ್ತದೆ, ಯಂತ್ರ ಹಾಕುವವರಿಗೆ ಅನುಕೂಲವಾಗುತ್ತದೆ, ಆದರೆ ಬರೀ ಅದರಿಂದ ಅಪ್ನಿಯಾ ಅಷ್ಟೇನೂ ಕಡಿಮೆಯಾಗುವುದಿಲ್ಲ ಅಂದರು. ನನಗೆ ಸ್ಪ್ರೇ ಸಾಕು ಅಂತ ಬಿಟ್ಟರು. ಬೇಡದ್ದನ್ನು ಬೇಡ ಅಂದಿದ್ದಕ್ಕೆ ಅವರ ಮೇಲೆ ನಂಬಿಕೆ ಇನ್ನೂ ಗಟ್ಟಿಯಾಯಿತು.

ಹಿಂದೆ ಈ ಆಪರೇಷನ್ ಅಂದರೆ ಟಾನ್ಸಿಲ್, ಕಿರುನಾಲಿಗೆ, ಅಂಗುಳದ ಅಂಚು ಎಲ್ಲವನ್ನೂ ಕತ್ತರಿಸಿ ತೆಗೆಯುತ್ತಿದ್ದರು. ಅಮೆರಿಕದಲ್ಲಿ ಡಾ. ಶಿರೋ ಫುಜಿತಾ ಅದನ್ನು ಅಪ್ನಿಯಾಗೆ ಮಾಡಿ ವರದಿ ಮಾಡಿದ್ದೂ 1981ರಲ್ಲೇ. ಸಿ-ಪ್ಯಾಪ್ ಬಂದ ವರ್ಷವೇ. ಕತ್ತರಿಸುವುದು ಜಾಸ್ತಿಯಾದರೆ ನೀರು ಮೂಗಿಗೆ ಬರುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನ್ನಿಸುವುದು, ದನಿ ಬದಲಾಗುವುದು, ಇಂಥ ತೊಂದರೆ ಉಳಿದುಬಿಡುತ್ತಿತ್ತು. ನನಗೆ ಮಾಡಿದ್ದು 2007ರಲ್ಲಿ ಸಿಂಗಪುರದ ಡಾ. ಕೆನ್ನಿ ಪ್ಯಾಂಗ್ ಮತ್ತು ಅಮೆರಿಕದ ಡಾ. ಟಕರ್ ವುಡ್ಸನ್ ಪ್ರಕಟಿಸಿದ ವಿಧಾನ. ಟಾನ್ಸಿಲ್ ತೆಗೆಯುತ್ತಾರೆ. ಅದರ ಹಿಂದಿರುವ ಸ್ನಾಯುವಿನ ಕೆಳತುದಿಯನ್ನು ಬಿಡಿಸಿ, ಮೇಲಕ್ಕೂ ಹೊರಕ್ಕೂ ತಿರುಗಿಸಿ ಹೊಲಿಯುತ್ತಾರೆ. ಒಳಕ್ಕೆ ಬೀಳುತ್ತಿದ್ದ ಗೋಡೆ ಹೊರಕ್ಕೆ ಎಳೆದು ನಿಲ್ಲುತ್ತದೆ. ಕಿರುನಾಲಿಗೆ ಬಹುಪಾಲು ಉಳಿಯುತ್ತದೆ. ಎಲ್ಲವೂ ಬಾಯಿಯ ಮೂಲಕವೇ, ಹೊರಗೆ ಗಾಯ ಇರುವುದಿಲ್ಲ.

ನನ್ನ ಹೆದರಿಕೆ ದನಿಯದು. ದನಿ ಇಲ್ಲದೆ ಟೀಚರ್ ಕೆಲಸ ಹೇಗೆ? ಅದನ್ನು ಕೇಳಿದಾಗ ಡಾಕ್ಟರ್ ಸುಳ್ಳು ಸಮಾಧಾನ ಹೇಳಲಿಲ್ಲ. "ಸ್ವಲ್ಪ ದಿನ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಬಹುದು. ಶಾಶ್ವತವಾಗಿ ಬದಲಾಗೋದು ಅಪರೂಪ, ಆದರೆ ಆಗೋದೇ ಇಲ್ಲ ಅಂತ ಬರೆದುಕೊಡೋಕೆ ಆಗಲ್ಲ" ಅಂದರು. ಗೊರಕೆ ಪೂರ್ತಿ ಹೋಗುತ್ತದೆ ಅಂತಲೂ ಭರವಸೆ ಕೊಡಲಿಲ್ಲ. ಇಷ್ಟು ನೇರವಾಗಿ ಹೇಳಿದ್ದರಿಂದಲೇ ನಾನು ಸಹಿ ಹಾಕಿದೆ. ಬೇಸಿಗೆ ರಜೆಗೆ ದಿನ ಗೊತ್ತುಮಾಡಿಕೊಂಡೆವು. ಇನ್ಶೂರೆನ್ಸಿನವರು ಇದು ಅಂದಕ್ಕೆ ಮಾಡಿಸುವ ಆಪರೇಷನ್ನಾ ಅಂತ ಮೊದಲು ತಕರಾರು ತೆಗೆದರು. ಸ್ಲೀಪ್ ಸ್ಟಡಿ ವರದಿ ಕಳಿಸಿದ ಮೇಲೆ ಒಪ್ಪಿದರು. ಒಟ್ಟು ಖರ್ಚು ಒಂದು ಲಕ್ಷ ದಾಟಿತು.

ಆಪರೇಷನ್ ದಿನದ ಬಗ್ಗೆ ಹೇಳಲು ಹೆಚ್ಚಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಎಚ್ಚರವಾದಾಗ ಗಂಟಲು ಉರಿಯುತ್ತಿತ್ತು, ಬಾಯಲ್ಲಿ ರಕ್ತದ ರುಚಿ. ಅರಿವಳಿಕೆ ಡಾಕ್ಟರ್‌ಗೆ ಅಪ್ನಿಯಾ ಇದೆ ಅಂತ ಮುಂಚೆಯೇ ಹೇಳಿರಬೇಕು, ಇದನ್ನು ಮಾತ್ರ ಮರೆಯಬಾರದು. ಗಂಟಲಿನ ಊತ, ಔಷಧಿಯ ಮಂಪರು ಎರಡೂ ಸೇರಿದರೆ ಉಸಿರಿಗೆ ಕಷ್ಟ. ಆ ರಾತ್ರಿ ತಲೆ ಎತ್ತರಿಸಿ ಮಲಗಿಸಿ, ಬೆರಳಿಗೆ ಕ್ಲಿಪ್ ಹಾಕಿ, ನರ್ಸ್ ಬಂದು ಬಂದು ನೋಡುತ್ತಿದ್ದರು. ಮಂಪರು ಬರಿಸುವ ಬಲವಾದ ನೋವುಮಾತ್ರೆಗಳನ್ನೂ ಇದೇ ಕಾರಣಕ್ಕೆ ಕೊಡಲಿಲ್ಲ.

ನೋವು ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಜಾಸ್ತಿ. ಚಿಕ್ಕ ಮಕ್ಕಳು ಟಾನ್ಸಿಲ್ ತೆಗೆಸಿಕೊಂಡು ಬೇಗ ಓಡಾಡುತ್ತಾರೆ. ದೊಡ್ಡವರಿಗೆ ಹಾಗಲ್ಲ. ಮೊದಲೆರಡು ದಿನ ತಡೆದುಕೊಳ್ಳಬಹುದು ಅನ್ನಿಸುತ್ತದೆ. ವಾರ ಮುಗಿಯುವ ಹೊತ್ತಿಗೆ, ಕಡಿಮೆಯಾಗಬೇಕಾದಾಗ, ನೋವು ಏರುತ್ತದೆ. ಉಗುಳು ನುಂಗಲೂ ಕಣ್ಣಲ್ಲಿ ನೀರು. ಎರಡೂ ಕಿವಿ ಸಿಡಿಯುತ್ತವೆ. ಕಿವಿಗೆ ಏನೂ ಆಗಿರುವುದಿಲ್ಲ, ಗಂಟಲಿಗೂ ಕಿವಿಗೂ ಹೋಗುವ ನರ ಒಂದೇ ಆದ್ದರಿಂದ ಹಾಗೆ. ಗಂಟಲಲ್ಲಿ ಬಿಳಿ ಪೊರೆ ಕಟ್ಟುತ್ತದೆ, ವಾಸನೆ ಬರುತ್ತದೆ. ಕೀವು ಅಂತ ಹೆದರಿದ್ದೆ. ಗಾಯ ಮಾಯುವ ರೀತಿಯೇ ಅದು. ನೋವಿನ ಸಿರಪ್ಪನ್ನು ನೋವು ಬಂದ ಮೇಲೆ ಕುಡಿಯುವ ಬದಲು ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕುಡಿದರೆ ಮಾತ್ರ ಊಟ ಸೇರುತ್ತದೆ.

ಅತ್ತೆಗೆ ಐಸ್ ಕ್ರೀಮ್ ನೋಡಿ ಗಾಬರಿ. "ಗಂಟಲು ಕೊಯ್ಸಿಕೊಂಡು ತಣ್ಣಗಿನದು ತಿಂತಾರೇನಮ್ಮಾ?" ಅಂದರು. ಡಾಕ್ಟರೇ ಹೇಳಿದ್ದು ಅಂದ ಮೇಲೆ ಅವರೇ ರಾಗಿ ಗಂಜಿ ಮಾಡಿ, ಪೂರ್ತಿ ಆರಿಸಿ, ಫ್ರಿಜ್ಜಿನಲ್ಲಿಟ್ಟು ಕೊಡತೊಡಗಿದರು. ಮಿಕ್ಸಿಯಲ್ಲಿ ತಿರುವಿದ ಮೊಸರನ್ನ, ಒಗ್ಗರಣೆ ಇಲ್ಲದೆ. ಎಳನೀರು. ಹುಳಿ, ಖಾರ, ಬಿಸಿ ಯಾವುದೂ ಇಲ್ಲ. ನಮ್ಮೂರಿನ ಮಂಡಕ್ಕಿ ಮೆಣಸಿನಕಾಯಿ ಕಡೆ ನೋಡುವ ಹಾಗೂ ಇಲ್ಲ, ಗರಿಗರಿ ಇರುವುದು ಗಾಯವನ್ನು ಕೀಳುತ್ತದೆ. ನೋವಿಗೆ ಹೆದರಿ ನೀರು ಕುಡಿಯುವುದನ್ನು ಬಿಟ್ಟರೆ ಗಂಟಲು ಒಣಗಿ ನೋವು ದುಪ್ಪಟ್ಟಾಗುತ್ತದೆ. ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ಒಂದೆರಡು ಸಲ ನೀರು ಮೂಗಿಗೆ ಬಂತು. ನಿಧಾನವಾಗಿ ಕುಡಿಯಲು ಕಲಿತೆ, ಆಮೇಲೆ ಅದು ನಿಂತಿತು.

ಎರಡನೇ ವಾರದ ಒಂದು ಬೆಳಿಗ್ಗೆ ಉಗುಳಿನಲ್ಲಿ ಕೆಂಪು ಕಂಡಿತು. ಪೊರೆ ಕಳಚುವ ಆ ದಿನಗಳಲ್ಲಿ ರಕ್ತ ಬರುವ ಅಪಾಯ ಇದೆ ಅಂತ ಮೊದಲೇ ಹೇಳಿದ್ದರು. ಐಸ್ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಾ ತಕ್ಷಣ ಆಸ್ಪತ್ರೆಗೆ ಹೋದೆವು. ಅಷ್ಟರಲ್ಲಿ ನಿಂತಿತ್ತು. ಆದರೂ ಸಂಜೆವರೆಗೆ ಅಲ್ಲೇ ಇರಿಸಿಕೊಂಡರು. ಈ ಆಪರೇಷನ್ ಮಾಡಿಸಿಕೊಳ್ಳುವವರು ಮೊದಲ ಎರಡು ವಾರ ಆಸ್ಪತ್ರೆಯಿಂದ ದೂರದ ಊರಿಗೆ ಹೋಗಬಾರದು. ಹಳ್ಳಿಯಲ್ಲಿ ತವರು ಇದ್ದರೂ ಸರಿ, ಆರೈಕೆ ಅಲ್ಲೇ ಚೆನ್ನ ಅನ್ನಿಸಿದರೂ ಸರಿ.

ಊತ ಇರುವವರೆಗೆ ಗೊರಕೆ ಮೊದಲಿಗಿಂತ ಜೋರಾಗಿತ್ತು. ಆಮೇಲೆ ವಾರದಿಂದ ವಾರಕ್ಕೆ ಇಳಿಯಿತು. ಶಾಲೆ ಶುರುವಾಗುವ ಹೊತ್ತಿಗೆ ದನಿ ನನ್ನದೇ ದನಿಯಾಗಿತ್ತು. ಮನೆಯಲ್ಲಿ ಎಲ್ಲರೂ ಇನ್ನು ಮುಗಿಯಿತು ಅಂದುಕೊಂಡರು. ಡಾಕ್ಟರ್ ಹಾಗೆ ಅನ್ನಲಿಲ್ಲ. "ಸದ್ದು ಹೋಗಿದ್ದು ಸಂತೋಷ. ಉಸಿರು ಏನಾಗಿದೆ ಅಂತ ಯಂತ್ರವೇ ಹೇಳಬೇಕು" ಅಂತ ಕೆಲವು ತಿಂಗಳು ಬಿಟ್ಟು ಮತ್ತೆ ಸ್ಲೀಪ್ ಸ್ಟಡಿ ಬರೆದರು. ಚೆನ್ನಾಗಿದ್ದೀನಲ್ಲ, ಮತ್ತೆ ಯಾಕೆ ದುಡ್ಡು ಅಂತ ಬಹಳ ಜನ ಇದನ್ನು ಮಾಡಿಸುವುದೇ ಇಲ್ಲವಂತೆ. ನಾನು ಮಾಡಿಸಿದೆ.

ಎ.ಎಚ್.ಐ. 4ಕ್ಕೆ ಇಳಿದಿತ್ತು. ಆಕ್ಸಿಜನ್ 91ರ ಕೆಳಗೆ ಹೋಗಿರಲಿಲ್ಲ. ಆದರೆ ಅಂಗಾತ ಮಲಗಿದಾಗಿನ ಅಂಕಿ ಇನ್ನೂ 9. ಮನೆಯಲ್ಲಿ ಯಾರಿಗೂ ಒಂದು ಸದ್ದೂ ಕೇಳದಿದ್ದ ದಿನಗಳವು. ಪರೀಕ್ಷೆ ಮಾಡಿಸದಿದ್ದರೆ ಆ 9 ನನಗೆ ಗೊತ್ತೇ ಆಗುತ್ತಿರಲಿಲ್ಲ. ಹಾಗಾಗಿ ಈಗಲೂ ಬೆನ್ನಿಗೆ ದಿಂಬು ಕೊಟ್ಟು ಮಗ್ಗುಲಾಗಿಯೇ ಮಲಗುತ್ತೇನೆ. ತೂಕ ಏರದ ಹಾಗೆ ನೋಡಿಕೊಳ್ಳುತ್ತೇನೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಅಪ್ನಿಯಾ ಹೆಚ್ಚುವುದುಂಟು. ಆ ವಯಸ್ಸು ನನಗೆ ಹತ್ತಿರದಲ್ಲೇ ಇದೆ. ಹಗಲು ತೂಕಡಿಕೆ ಮರಳಿದರೆ, ಬೆಳಗಿನ ತಲೆನೋವು ಮತ್ತೆ ಕಂಡರೆ, ಗೊರಕೆ ಇರಲಿ ಬಿಡಲಿ, ಕಾಯದೆ ಬಂದುಬಿಡಿ ಅಂತ ಡಾಕ್ಟರ್ ಹೇಳಿದ್ದಾರೆ. ಎಪ್‌ವರ್ತ್ ಹಾಳೆಯ ಒಂದು ಜೆರಾಕ್ಸ್ ನನ್ನ ಹತ್ತಿರ ಇದೆ. ಆಗಾಗ ತೆಗೆದು ಅಂಕ ಹಾಕಿಕೊಳ್ಳುತ್ತೇನೆ. ಕಳೆದ ಸಲ 5 ಬಂತು.